ಗಾಜು ತಟ್ಟಿದ ಪೊಲೀಸ್, ಕಾರಿನೊಳಗಿನ ಹಾಡು

ಪೊಲೀಸಪ್ಪ ಕಾರಿನ ಗಾಜು ತಟ್ಟಿದಾಗ ನನ್ನ ಜೀವ ಬಾಯಿಗೆ ಬಂತು. ಲಾಕ್‌ಡೌನ್ ಕಾಲ. ಮಲೇಷ್ಯಾದ ಪುತ್ರಜಯಾದಲ್ಲಿರುವ ನಮ್ಮ ಫ್ಲ್ಯಾಟಿನಲ್ಲಿ ಎಲ್ಲರ ಆನ್‌ಲೈನ್ ಕ್ಲಾಸಿನ ಗದ್ದಲ. ಹಾಗಾಗಿ ಮಗಳು ಕೆಳಗೆ ರಸ್ತೆ ಬದಿಯ ಕಾರಿನಲ್ಲಿ ನನ್ನ ಪಕ್ಕ ಗಿಟಾರ್ ಹಿಡಿದು ಕೂತಿದ್ದಳು. ಪುಟ್ಟವಳಿದ್ದಾಗಿನಿಂದ ಅಮೆರಿಕದ ಹಳ್ಳಿ ಸೊಗಡಿನ 'ಕಂಟ್ರಿ' ಸಂಗೀತದ ಗಾಯಕಿಯಾಗುವ ಕನಸು ಕಂಡವಳು, ತನ್ನ ಮೊದಲ ಹಾಡನ್ನು ಸಂಗೀತ ಕಂಪನಿಗೆ ಅಂದೇ ಕಳಿಸಬೇಕಿತ್ತು.

"ಸಾರಿ ಅಂಕಲ್, ರೆಕಾರ್ಡಿಂಗ್. ಜಸ್ಟ್ ಒನ್ ಸಾಂಗ್," ಎಂದಳು ಗಾಜು ಇಳಿಸುತ್ತಾ.

ದಂಡ ಖಂಡಿತ ಎಂದುಕೊಂಡೆ. ಆತ ತನ್ನ ಬೈಕಿನ ಎಂಜಿನ್ ಆಫ್ ಮಾಡಿ, "ಸಿಂಗ್ ಫಸ್ಟ್, ದೆನ್ ಗೋ ಹೋಮ್ ಲಾ," ಎಂದ, ಮಾತಿನ ಕೊನೆಗೆ 'ಲಾ' ಸೇರಿಸುವ ಅಲ್ಲಿನವರ ಧಾಟಿಯಲ್ಲಿ.

"ಹಾಡು ಪುಟ್ಟಿ, ಅವ್ರೇ ಹೇಳ್ತಿದ್ದಾರಲ್ಲ," ಎಂದೆ. ಅವಳು ಹಾಡಿ ಮುಗಿಸುವವರೆಗೂ ಆತ ದೂರದಲ್ಲಿ ಸದ್ದಿಲ್ಲದೆ ನಿಂತಿದ್ದ.

ಆ ಹಾಡು ಆಯ್ಕೆಯಾಯಿತು. ಈಗ ಮಗಳು ರಾಜಧಾನಿಯ ಬಾಂಗ್ಸಾರ್ ಬಡಾವಣೆಯ ಸ್ಟುಡಿಯೋದಲ್ಲಿ ಹಾಡುತ್ತಾಳೆ. ಹೊಸ ಹಾಡು ಬಂದಾಗಲೆಲ್ಲ, ನಾವು ಹೆಸರನ್ನೂ ಕೇಳದ ಆ ಮನುಷ್ಯನಿಗೆ ಅದು ಎಲ್ಲಾದರೂ ಕೇಳಿಸಲಿ ಎನಿಸುತ್ತದೆ.