ಹಾಡಿಲ್ಲದ ಕುಣಿತ

ಇಂಗ್ಲಿಷರ ಊರಾದ ಪಿನ್ನರ್‌ನಲ್ಲಿ ನಮ್ಮ ಪಕ್ಕದ ಮನೆಯ ಜರ್ಮನ್ ಅಜ್ಜಿ ಹರೆಯದಲ್ಲಿ ಬರಿಗಾಲಲ್ಲಿ, ಹಾಡಿಲ್ಲದೆ, ಮನಸ್ಸಿನ ಕಳವಳವನ್ನೇ ಕುಣಿದು ಹೆಸರು ಮಾಡಿದ್ದವರು. ತೊಂಬತ್ತು ದಾಟಿದ್ದರೂ ಬಾಗಿಲಲ್ಲಿಟ್ಟ ಹಾಲಿನ ಬಾಟಲಿಗೆ ಬಗ್ಗಿದಾಗ ಅವರ ಇನ್ನೊಂದು ಕೈ ಗಾಳಿಯಲ್ಲಿ ಏನನ್ನೋ ಹೇಳುತ್ತಿತ್ತು. ಟ್ಯೂಬ್ ರೈಲು ತಪ್ಪೀತೆಂದು ನಾನು ಓಡುತ್ತಿದ್ದರೆ ಬೇಲಿಯಾಚೆಯಿಂದ ಒಂದೇ ಮಾತು: “ಮೊದಲು ಉಸಿರಾಡು. ಉಳಿದದ್ದು ತಾನಾಗೇ ಬರುತ್ತೆ.”

ಒಮ್ಮೆ ರೇನರ್ಸ್ ಲೇನ್‌ನ ಹಾಲ್‌ನಲ್ಲಿ ನಮ್ಮವರ ದೀಪಾವಳಿಗೆ ಅವರನ್ನೂ ಕರೆದೊಯ್ದಿದ್ದೆ. ಮಕ್ಕಳ ನೃತ್ಯದ ನಡುವೆ ಸ್ಪೀಕರ್ ಕೆಟ್ಟು, ಮಕ್ಕಳು ಅಳುಮುಖ ಮಾಡಿ ನಿಂತರು. ಅಜ್ಜಿ ಶೂ ಕಳಚಿ ವೇದಿಕೆ ಹತ್ತಿದರು. ಆ ಮೌನದಲ್ಲೇ ಅವರ ಬೆರಳು ನಡುಗಿತು, ಆಮೇಲೆ ತೋಳು, ಕೊನೆಗೆ ಇಡೀ ಮೈ.

ಕುಂದಾಪುರದಿಂದ ಬಂದಿದ್ದ ನನ್ನ ಅತ್ತೆ ತಟ್ಟನೆ ಎದ್ದು ಕೈಮುಗಿದರು. ಅಜ್ಜಿಯ ಮೈಮೇಲೆ ದೇವರು ಬಂದಿದೆ ಎಂದೇ ತಿಳಿದು, ಊರಲ್ಲಿ ದರ್ಶನ ಬಂದವರನ್ನು ಕೇಳುವಂತೆ ಕೇಳಿಯೇಬಿಟ್ಟರು: “ಅಮ್ಮಾ, ನಮ್ ಸಣ್ ಮಾಣಿಗೆ ಮದಿ ಯಾವಾಗ ಆತ್ತ್?”

ಕಿರಿಮಗನ ಮದುವೆಯ ಈ ಪ್ರಶ್ನೆಯನ್ನು ನಾಚಿಕೊಂಡೇ ಇಂಗ್ಲಿಷಿಗೆ ಅನುವಾದಿಸಿದೆ. ಅಜ್ಜಿ ಏದುಸಿರಲ್ಲೇ ಅತ್ತೆಯ ಕೈಹಿಡಿದು, “ಮೊದಲು ಉಸಿರಾಡಲಿ. ಉಳಿದದ್ದು ತಾನಾಗೇ ಬರುತ್ತೆ,” ಎಂದರು. ಅದನ್ನು ಕನ್ನಡದಲ್ಲಿ ಹೇಳಿದ್ದೇ ಅತ್ತೆಗೆ ಸಮಾಧಾನವಾಯಿತು.

ಕಾರಿನಲ್ಲಿ ಎಲ್ಲ ವಿವರಿಸಿದಾಗ ಅಜ್ಜಿ ನಕ್ಕು ನಕ್ಕು ಕಣ್ಣೊರೆಸಿಕೊಂಡರು. “ನನ್ನ ಕುಣಿತ ನೋಡಿ ಜನ ಅತ್ತಿದ್ದಾರೆ, ಬೈದು ಎದ್ದುಹೋಗಿದ್ದಾರೆ. ಹತ್ತಿರ ಬಂದು ಮನೆಯ ಕಷ್ಟ ಹೇಳಿಕೊಂಡವರು ನಿನ್ನ ಅತ್ತೆ ಒಬ್ಬರೇ!”