ಹೊಸಿಲಿಲ್ಲದ ಮಣ್ಣಿನ ಮನೆ

ಮೊನ್ನೆ ಮೊಮ್ಮಗಳು ಹೂಕುಂಡಕ್ಕೆ ಕೆಮ್ಮಣ್ಣು ತುಂಬಿ ನೀರು ಚಿಮುಕಿಸಿದಳು. ಆ ವಾಸನೆಗೆ ಈ ವಯಸ್ಸಿನಲ್ಲೂ ನನ್ನ ಬಾಯಲ್ಲಿ ನೀರೂರಿತು. ಹಿಂದೆಯೇ ಹಳೆಯ ಭಯವೂ ಬಂತು.

ಕೊಡಗು ಇನ್ನೂ ಬೇರೆ ರಾಜ್ಯವಾಗಿದ್ದ ಕಾಲ. ಸಿದ್ದಾಪುರದ ಹತ್ತಿರ ನಮ್ಮದೊಂದು ತುಂಡು ಜಾಗ. ಅಂದು ಅಲ್ಲಿದ್ದವರು ಮೂವರು: ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರಾಗಿದ್ದ ನನ್ನ ಗಂಡ, ನಾನು, ಮತ್ತು ಮಣ್ಣಿನ ಗೋಡೆ ಕಟ್ಟುವ ಮುದಿ ಮೇಸ್ತ್ರಿ. ಎಸ್ಟೇಟು ಕೈ ಬದಲಾಗಿ, ಹೊಸ ಯಜಮಾನರು ಮಳೆಗಾಲಕ್ಕೆ ಮೊದಲೇ ಎಸ್ಟೇಟಿನ ಮನೆ ಖಾಲಿ ಮಾಡಲು ಹೇಳಿದ್ದರು. ಒಂದೇ ಕೋಣೆಯಾದರೂ ಏಳಲೇಬೇಕಿತ್ತು. ಒಂದು ಮೊಳ ಗೋಡೆ ಏರಿಸಿ, ಅದು ಒಣಗಿದ ಮೇಲೆಯೇ ಮುಂದಿನ ಮೊಳ... ಉಳಿದದ್ದು ಎರಡು ತಿಂಗಳು.

ಮೇಸ್ತ್ರಿ ಮೊದಲು ವಿಚಾರಿಸಿದ್ದು ಮಣ್ಣನ್ನಲ್ಲ.

"ರೈಟ್ರೇ, ಮನೇಲಿ ಬಸುರಿ ಯಾರಾದ್ರೂ ಇದ್ದಾರಾ? ಇದ್ರೆ ನಾನು ಪಾಯ ತೋಡೋದಿಲ್ಲ. ಹೊಟ್ಟೇಲಿರೋ ಕೂಸಿಗೆ ಆಗೋದಿಲ್ಲ."

"ಇರೋದೇ ನಾವಿಬ್ರು ಮೇಸ್ತ್ರಿ. ಹಾಗೇನಾದ್ರೂ ಇದ್ರೆ ನಿಮಗಿಂತ ಮೊದ್ಲು ನಂಗೆ ಗೊತ್ತಾಗ್ಬೇಕಲ್ಲ" ಎಂದು ಗಂಡ ನಕ್ಕರು.

ಅವರಿಗೆ ಗೊತ್ತಿರಲಿಲ್ಲ. ನನಗೆ ಆಗಲೇ ಎರಡು ತಿಂಗಳಾಗಿತ್ತು. ಹೇಳಿದರೆ ಕೆಲಸ ನಿಲ್ಲುತ್ತದೆ. ಹೇಳದಿದ್ದರೆ ಹೊಟ್ಟೆಯಲ್ಲಿರುವುದಕ್ಕೆ ಏನಾದರೂ... ಮೇಸ್ತ್ರಿಗೆ ಹಾರೆ ಎತ್ತಿ ಕೊಟ್ಟೆ.

ಮೇಸ್ತ್ರಿ ಎರಡು ಕಡೆ ಅಗೆದರು. ಗದ್ದೆಯ ಮಣ್ಣು ಒಣಗಿದರೆ ಬಿರಿಯುತ್ತದೆಂದು ಬಿಟ್ಟರು. ದಿಬ್ಬದ ಕೆಮ್ಮಣ್ಣನ್ನು ನೆನೆಸಿ, ಉಂಡೆ ಕಟ್ಟಿ, ಸೊಂಟದೆತ್ತರದಿಂದ ಬೀಳಿಸಿದರು, ಒಡೆಯಲಿಲ್ಲ. ಆಮೇಲೆ ಚೂರು ಮುರಿದು ಹಲ್ಲಿನಲ್ಲಿ ಕಡಿದು, "ಕರಕರ ಅಂತದೆ, ಮರಳು ಹದವಾಗಿದೆ. ಹುಲ್ಲು ಕೊಚ್ಚಿ ಹಾಕಿ ತುಳಿದ್ರೆ ಆಯ್ತು" ಎಂದು ಉಗಿದರು. ಗಂಡನೂ ಕಡಿದು ಉಗಿದರು. ನನ್ನ ಕೈಗೂ ಒಂದು ಚೂರು ಬಂತು.

ನಾನು ಉಗಿಯಲಿಲ್ಲ. ಉಗಿಯಲಾಗಲಿಲ್ಲ... ನುಂಗಿದ್ದೂ ಅಲ್ಲದೆ, ಕೈ ತಾನಾಗಿ ಇನ್ನೊಂದು ಚೂರಿಗೆ ಹೋಯಿತು. ತಲೆ ಎತ್ತಿದರೆ ಮೇಸ್ತ್ರಿ ನನ್ನನ್ನೇ ನೋಡುತ್ತಿದ್ದರು. ಬಸುರಿಯರಿಗೆ ಮಣ್ಣಿನ ಬಯಕೆ ಹುಟ್ಟುವುದನ್ನು ಆರು ಮಕ್ಕಳ ತಂದೆಗೆ ಹೇಳಿಕೊಡಬೇಕೇ?

ಗಂಡ ಅಳತೆಯ ಹಗ್ಗ ತರಲು ಹೋದಾಗ ಅವರು ಮೆಲ್ಲಗೆ ಹೇಳಿದರು: "ಇನ್ನು ತಿನ್ನಬೇಡ ತಂಗಿ, ಗೋಡೆಗೆ ಕಮ್ಮಿ ಬೀಳ್ತದೆ."

ನಗು ಬಾಯಲ್ಲಷ್ಟೇ ಇತ್ತು. ಹಾರೆ ಹಿಡಿದ ಬಲಗೈಯನ್ನೊಮ್ಮೆ ನೋಡಿಕೊಂಡರು. "ಹೊಸಿಲು ಇಡೋ ತನಕ ಅದು ಮನೆ ಅಲ್ಲ, ಬರೀ ಗೋಡೆ. ನೀನು ಹೆತ್ತ ಮೇಲೆ ಬಂದು ಇಡ್ತೇನೆ. ಅಷ್ಟರೊಳಗೆ ದೋಷ ಅಂತ ಏನಾದ್ರೂ ಬಂದ್ರೆ ಅಗೆದ ಕೈಗಿರಲಿ."

ಗಂಡನಿಗೆ, ಹೊಸಿಲಿನ ಹಲಸಿನ ಮರ ಇನ್ನೂ ಒಣಗಿಲ್ಲವೆಂದರು.

ಗೋಡೆ ಮುಗಿದ ಮೇಲಷ್ಟೇ ಬಸುರಿಯಾದದ್ದನ್ನು ಗಂಡನಿಗೆ ಹೇಳಿದೆ. ಮಳೆಗಾಲವೆಲ್ಲ ಬಾಗಿಲಿಗೆ ಗೋಣಿ ಕಟ್ಟಿಕೊಂಡು ಒಳಗಿದ್ದೆವು. ಗೋಡೆ ಅಲುಗಲಿಲ್ಲ. ಆದರೆ ಹೊಟ್ಟೆಯಲ್ಲಿ ಮಗು ಸ್ವಲ್ಪ ಹೊತ್ತು ಸುಮ್ಮನಾದರೂ ನನ್ನ ಜೀವ ಹಾರುತ್ತಿತ್ತು.

ಆ ಮಗಳೇ ಈಗ ಅಜ್ಜಿಯಾಗಿದ್ದಾಳೆ. ಮೇಸ್ತ್ರಿ ಆಡಿದ ಮಾತನ್ನು ಅವಳಿಗೆ ಇಂದಿಗೂ ಹೇಳಿಲ್ಲ. ಗಂಡನಿಗೂ ಹೇಳಲಿಲ್ಲ, ಈಗ ಅವರೂ ಇಲ್ಲ...

ತುಲಾ ಸಂಕ್ರಮಣ ಕಳೆದು ಅವಳು ಹುಟ್ಟಿದಾಗ ಮೇಸ್ತ್ರಿಗೆ ಹೇಳಿ ಕಳುಹಿಸಿದ್ದೆವು. ಹೊಸಿಲು ಹೊತ್ತು ಬಂದವನು ಅವರ ಮಗ. ಅಪ್ಪ ಮಳೆಗಾಲದ ನಡುವೆ, ಕಕ್ಕಡ ತಿಂಗಳಲ್ಲೇ ತೀರಿಕೊಂಡರೆಂದ. ಏನಾಗಿತ್ತೆಂದು ಗಂಡ ಕೇಳಿದರು.

"ಎಂಥದೋ ಮುಳ್ಳು ಚುಚ್ಚಿ ಬಲಗೈ ಬಾತಿತ್ತು. ಜ್ವರ ಇಳೀಲೇ ಇಲ್ಲ. ಈ ಹೊಸಿಲನ್ನ ಮಾತ್ರ ಮೊದ್ಲೇ ಕೆತ್ತಿ ಇಟ್ಟಿದ್ರು."

ನಾನು ಮಗುವನ್ನು ಸೆರಗಿನೊಳಗೆ ಎಳೆದುಕೊಂಡೆ. ಸಂಜೆಯೊಳಗೆ ಹೊಸಿಲು ಕೂರಿಸಿ, ಊಟಕ್ಕೂ ನಿಲ್ಲದೆ ಅವನು ತನ್ನೂರು ಮೂರ್ನಾಡಿಗೆ ಹೊರಟುಹೋದ.