ಕೊಬ್ಬರಿ ಪ್ಲಾನಿನ ಐದನೆಯ ಪುಟ

ಮೊದಲ ಸಲ ಪ್ಲಾನು ಬರೆದಾಗ ಐದನೆಯ ಪುಟದಲ್ಲಿ ಅಕ್ಕನಿಗೆ ಒಂಬತ್ತು ಸಾಲು ಸಿಕ್ಕಿತ್ತು. ಎರಡನೆಯ ಸಲಕ್ಕೆ ಮೂರಾಯಿತು. ಮೂರನೆಯ ಸಲಕ್ಕೆ ಒಂದು. ನಾಲ್ಕನೆಯ ಸಲ, ಅರಸೀಕೆರೆ ಬಸ್ ಸ್ಟ್ಯಾಂಡ್ ಎದುರಿನ ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟು ಬಿಸಿಬಿಸಿಯಾಗಿ ಕೈಗೆ ಬಂದಾಗ ಆ ಪುಟದಲ್ಲಿ ಅಕ್ಕ ಇರಲೇ ಇಲ್ಲ. ಬರೆದವಳೂ ನಾನೇ, ಅಳಿಸಿದವಳೂ ನಾನೇ.

ಅಕ್ಕ ಎಂದರೆ ನನ್ನ ಓರಗಿತ್ತಿ, ನನ್ನ ಗಂಡನ ಅಣ್ಣನ ಹೆಂಡತಿ. ಗಂಡಸಿ ಹತ್ತಿರದ ನಮ್ಮ ಊರಿನಲ್ಲಿ ಒಂದೇ ಮನೆಗೆ ನಡುವೆ ಗೋಡೆ ಎಬ್ಬಿಸಿಕೊಂಡು ಎರಡು ಸಂಸಾರ ನಡೆಸುತ್ತಿದ್ದೇವೆ. ಕೆಳಗೆ ಗೋಡೆ ಇದೆ, ಮೇಲಿನ ಅಟ್ಟಕ್ಕಿಲ್ಲ. ಅಟ್ಟ ಇಬ್ಬರದ್ದೂ, ಅದರ ಮೇಲಿರುವ ತೆಂಗಿನಕಾಯಿಯೂ ಇಬ್ಬರದ್ದು. ನಮ್ಮ ಕಡೆ ಬಲಿತ ಕಾಯಿಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಹಾಕಿ ಹತ್ತು ಹನ್ನೊಂದು ತಿಂಗಳು ಮುಟ್ಟದೆ ಬಿಡುತ್ತಾರೆ. ಒಳಗಿನ ನೀರು ಇಂಗಿ, ತಿರುಳು ಚಿಪ್ಪನ್ನು ತಾನಾಗಿ ಬಿಟ್ಟುಕೊಂಡು ಉಂಡೆ ಕೊಬ್ಬರಿಯಾಗುತ್ತದೆ. ಒಡಕಿಲ್ಲದ ಉಂಡೆಗಳನ್ನು ಆರಿಸಿ, ಒರೆಸಿ, ಡಬ್ಬಿ ಕಟ್ಟಿ ನಾವಿಬ್ಬರೂ ಮದುವೆ ಮನೆಗಳಿಗೆ ಕೊಡುತ್ತೇವೆ. ಶುರು ಮಾಡಿ ಹನ್ನೆರಡು ವರ್ಷವಾಯಿತು.

ಯಾವ ಕಾಯಿ ಆಗಿದೆ, ಯಾವುದು ಇನ್ನೂ ಹಸಿ ಎಂಬುದು ಹೊರಗಿನಿಂದ ಕಾಣುವುದಿಲ್ಲ. ಅಕ್ಕ ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಎರಡು ಸಲ ಅಲ್ಲಾಡಿಸುತ್ತಾಳೆ. ಆಗಿದ್ದರೆ ಬಲಗಡೆಗೆ, ಕೊಳೆತಿದ್ದರೆ ಎಡಗಡೆಗೆ, ಹಸಿಯಾಗಿದ್ದರೆ ಮತ್ತೆ ಅಟ್ಟಕ್ಕೆ. ಬಾಯಲ್ಲಿ ಊರಿನ ಸುದ್ದಿ ನಡೆಯುತ್ತಲೇ ಇರುತ್ತದೆ, ಕೈ ನಿಲ್ಲುವುದಿಲ್ಲ. ನನಗೂ ಸದ್ದು ಕೇಳುತ್ತದೆ. ಆದರೆ ಒಂದು ಸದ್ದಿಗೂ ಇನ್ನೊಂದಕ್ಕೂ ಏನು ವ್ಯತ್ಯಾಸ ಅನ್ನುವುದು ನನ್ನ ತಲೆಗೆ ಇವತ್ತಿಗೂ ಹತ್ತಿಲ್ಲ.

ಮಳೆಗಾಲದಲ್ಲಿ ಕಾಯಿ ಬೆಚ್ಚಗಿರಲಿ ಎಂದು ಅಟ್ಟದ ಕೆಳಗೆ ಸಿಪ್ಪೆಯ ಹೊಗೆ ಹಾಕಬೇಕು. ಹೊಗೆ ಹಾಕುವ ಜಾಗ ಅಕ್ಕನ ಕಡೆಗಿದೆ. ಹೋದ ವರ್ಷ ಆಷಾಢದಿಂದ ಅವಳಿಗೆ ಕೆಮ್ಮು ಹಿಡಿಯಿತು. ಗೋಡೆಯ ಈಚೆ ಕೂತು ನಾನು ಸೊಪ್ಪು ಸೋಸುತ್ತಿದ್ದರೆ ಆಚೆಯಿಂದ ಆ ಕೆಮ್ಮು ಬರುತ್ತಿತ್ತು. ತೋಟದ ಮೂಲೆಯಲ್ಲಿ ಒಂದು ಶೆಡ್ಡು ಕಟ್ಟಿ, ಅಟ್ಟವನ್ನೂ ಹೊಗೆಯನ್ನೂ ಮನೆಯಿಂದ ಆಚೆ ಸಾಗಿಸಬೇಕು ಎಂದು ನನ್ನ ತಲೆಗೆ ಬಂದದ್ದು ಆಗ. ಹಾಗಾಗಿ ಅಕ್ಕನಿಗೋಸ್ಕರವೇ ಹೊರಟೆ ಎಂದು ಹೇಳಿದರೆ ಸುಳ್ಳಲ್ಲ. ಈಗ ಹಾಗೆ ಹೇಳಲು ನಾಲಿಗೆ ಏಳುವುದಿಲ್ಲ, ಅಷ್ಟೆ.

ಹಳ್ಳಿಯ ಸಣ್ಣ ಉದ್ಯಮಗಳಿಗೆ ಬಂಡವಾಳ ಹಾಕುವವರು ಇದ್ದಾರೆ, ಅವರಿಗೆ ಒಪ್ಪುವ ಹಾಗೆ ಬಿಸಿನೆಸ್ ಪ್ಲಾನ್ ಬರೆಯುವುದನ್ನು ಅರಸೀಕೆರೆಯಲ್ಲಿ ಮೂರು ದಿನ ಹೇಳಿಕೊಡುತ್ತಾರೆ ಎಂದು ಗೊತ್ತಾಯಿತು. ಹೋದೆ. ಕಲಿಸುವವಳು ನನ್ನ ಮಗಳ ವಯಸ್ಸಿನ ಹುಡುಗಿ. ಒಳ್ಳೆಯವಳು, ಊಟದ ಹೊತ್ತಿಗೆ ನನ್ನ ಡಬ್ಬಿಯ ಚಟ್ನಿಪುಡಿಯನ್ನು ಕೇಳಿ ಹಾಕಿಸಿಕೊಳ್ಳುತ್ತಿದ್ದಳು. ನಾನು ದಿನವೂ ಕ್ಯಾಲೆಂಡರಿನ ಹಿಂದೆ ಎಲ್ಲವನ್ನೂ ಬರೆದಿಡುವವಳು: ಯಾವತ್ತು ಮಳೆ ಬಂತು, ಯಾವತ್ತು ಹೊಗೆ ಹಾಕಿದೆವು, ಯಾವತ್ತು ಹಸು ಕರು ಹಾಕಿತು. ಅದೇ ರೀತಿಯಲ್ಲಿ ಪ್ಲಾನನ್ನೂ ಬರೆದೆ. ‘ಗುಣಮಟ್ಟದ ಪರೀಕ್ಷೆ’ ಎಂಬ ತಲೆಬರಹದ ಕೆಳಗೆ ಅಕ್ಕ ಹೇಗೆ ಕೂರುತ್ತಾಳೆ, ಹೇಗೆ ಅಲ್ಲಾಡಿಸುತ್ತಾಳೆ ಎಂದು ಒಂಬತ್ತು ಸಾಲು.

ಹುಡುಗಿ ಓದಿ ನಕ್ಕಳು. “ಮೇಡಂ, ಕತೆ ಚೆನ್ನಾಗಿದೆ. ಆದ್ರೆ ದುಡ್ಡು ಹಾಕೋರು ಇದನ್ನ ಓದಿದ್ರೆ ಏನ್ ಕೇಳ್ತಾರೆ ಹೇಳಿ?”

“ಏನು ಕೇಳ್ತಾರಮ್ಮ?”

“ನಾಳೆ ಇವರಿಗೆ ಹುಷಾರಿಲ್ಲ ಅಂದ್ರೆ ಏನ್ ಮಾಡ್ತೀರಿ ಅಂತ. ಒಬ್ಬರ ಕಿವಿ ಮೇಲೆ ಬಿಸಿನೆಸ್ ನಿಂತಿದೆ ಅಂದ್ರೆ ಅವ್ರಿಗೆ ಭಯ. ಯಾರು ಬಂದ್ರೂ ಯಾರು ಹೋದ್ರೂ ನಡೀಬೇಕು, ಆ ಥರ ಬರೀರಿ.”

ಅವಳು ಹೇಳಿದ್ದು ತಪ್ಪೆಂದು ನನಗೆ ಆಗಲೂ ಅನ್ನಿಸಲಿಲ್ಲ. ಅಕ್ಕನ ಕೆಮ್ಮು ಕೇಳಿದವಳಲ್ಲವೇ ನಾನು? ಮೂರು ಸಾಲು ಮಾಡಿದೆ. ಅದೂ ಜಾಸ್ತಿಯಾಯಿತು. ‘ಅನುಭವಿ ಮಹಿಳೆಯೊಬ್ಬರು’ ಎಂದು ಒಂದು ಸಾಲು ಮಾಡಿದೆ. ಕೊನೆಗೆ ಅವಳೇ ಒಂದು ಸಾಲು ಹೇಳಿಕೊಟ್ಟಳು: ‘ತೇವಾಂಶ ಅಳೆಯುವ ಮೀಟರ್ ಮತ್ತು ತರಬೇತಿ ಪಡೆದ ಇಬ್ಬರು ಕೆಲಸಗಾರರು.’ ಪಾಲುದಾರರ ಅಂಕಣದಲ್ಲೂ ಒಬ್ಬರೇ ಇದ್ದರೆ ಸಲೀಸು ಅಂದಳು. ಅಕ್ಕನ ಹಾಗೆ ಅರವತ್ತು ದಾಟಿದವರು, ಓದಲು ಬಾರದವರು ಇದ್ದರೆ ನೂರು ಪ್ರಶ್ನೆ ಬರುತ್ತದಂತೆ. ಒಂದು ಪದ ತೆಗೆದಾಗ ಏನೂ ಅನ್ನಿಸುವುದಿಲ್ಲ. ಹಾಗೆ ಒಂದೊಂದೇ ತೆಗೆಯುತ್ತಾ ಹೋದೆ.

ಪ್ರಿಂಟು ಹಿಡಿದು ಮನೆಗೆ ಬಂದ ದಿನ ಅಕ್ಕ ಜಗಲಿಯಲ್ಲೇ ಕಾದಿದ್ದಳು. ಜೊತೆಗೆ ಪಕ್ಕದ ಮನೆಯಾಕೆ.

“ಓದೇ, ನನ್ ಬಗ್ಗೆ ಏನ್ ಬರ್ದಿದ್ದೀಯ ನೋಡಾನ.”

ಇಲ್ಲ ಎನ್ನಬಹುದಿತ್ತು. ಕಾರಣ ಬಿಡಿಸಿ ಹೇಳಬಹುದಿತ್ತು. ನಾನು ಐದನೆಯ ಪುಟ ತೆರೆದು, ಅಲ್ಲಿಲ್ಲದ್ದನ್ನು ಓದಿದೆ. “ನಮ್ಮ ಉದ್ಯಮದ ಆಧಾರ ನಮ್ಮ ಅಕ್ಕ. ಅವರ ಕಿವಿಗೆ ಸಮನಾದ ಯಂತ್ರ ಇಲ್ಲ.”

ಅಕ್ಕ ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕಳು. “ಅಯ್ಯೋ, ಇವ್ಳ ನೋಡೇ! ಹಿಂಗೆಲ್ಲ ಬರೀತಾರಾ?”

“ಬರೀಲಿ ಬಿಡು, ಇರೋದನ್ನೇ ಬರ್ದವ್ಳೆ. ಇನ್ನೊಂದ್ ಕಿತ ಓದೇ,” ಎಂದಳು ಪಕ್ಕದ ಮನೆಯಾಕೆ.

ಇನ್ನೊಂದು ಸಲ ಓದಿದೆ. ಮಾರನೆಯ ದಿನ ಹಾಲಿನ ಡೇರಿಯಿಂದ ಬಂದ ಇಬ್ಬರ ಮುಂದೆಯೂ ಅಕ್ಕ ನನ್ನಿಂದ ಓದಿಸಿದಳು. ನನ್ನ ಬಾಯಿಗೆ ‘ಆಧಾರ’ದ ಬದಲು ‘ಬೆನ್ನೆಲುಬು’ ಬಂತು.

“ನಿನ್ನೆ ಆಧಾರ ಅಂದೆಯಲ್ಲೇ?”

“ಎರಡೂ ಬರ್ದಿದ್ದೀನಿ ಕಣಕ್ಕ.”

ಆಮೇಲಿನಿಂದ ಯಾರು ನಮ್ಮ ಜಗಲಿ ಹತ್ತಿದರೂ ನಾನು ಒಳಗೆ ಕೆಲಸ ಹುಡುಕಿಕೊಳ್ಳುತ್ತಿದ್ದೆ. ಆ ಎರಡು ವಾಕ್ಯವನ್ನು ಮಗ್ಗಿಯಂತೆ ಬಾಯಿಪಾಠ ಮಾಡಿಕೊಂಡೆ. ಪ್ಲಾನು ಆಗಲೇ ಕಳಿಸಿಯಾಗಿತ್ತು. ಹುಡುಗಿಗೆ ಫೋನ್ ಮಾಡಿ ಒಂದೇ ಒಂದು ಸಾಲು ಸೇರಿಸಬಹುದೇ ಎಂದು ಕೇಳಿದೆ. “ಈಗ ಮುಟ್ಟಿದ್ರೆ ಮತ್ತೆ ಮೊದಲಿಂದ ಶುರು ಮಾಡ್ಬೇಕಾಗುತ್ತೆ ಮೇಡಂ, ದುಡ್ಡು ಹಾಕೋರು ಬೇಲೂರಿಗೆ ಕರೆದಿದ್ದಾರೆ ನಿಮ್ಮನ್ನ, ಬಂದುಬಿಡಿ,” ಅಂದಳು. ಒಬ್ಬಳೇ ಹೋಗಿಬರೋಣ ಎಂದುಕೊಂಡೆ. ಬೆಳಿಗ್ಗೆ ನೋಡಿದರೆ ಅಕ್ಕ ಮದುವೆಗೆ ಉಡುವ ಸೀರೆ ಉಟ್ಟು, ಹೂ ಮುಡಿದು ನಿಂತಿದ್ದಳು. “ನನ್ ಕಿವಿ ನೋಡ್ದೆ ದುಡ್ಡು ಕೊಟ್ಟಾರೇನೇ? ನಾನೂ ಬತ್ತೀನಿ ನಡಿ.”

ಬೇಲೂರಿನಲ್ಲಿ ದೇವಸ್ಥಾನದ ರಸ್ತೆಯ ಹೋಟೆಲೊಂದರ ಮಹಡಿಯ ಮೇಲೆ ಮೂವರು ಕೂತಿದ್ದರು. ಹುಡುಗಿಯೂ ಇದ್ದಳು. ನಡುವಿನವರು ಕನ್ನಡಕ ಏರಿಸಿ ಪುಟ ತಿರುವಿದರು.

“ಒಳಗೆ ಒಣಗಿದೆಯೋ ಇಲ್ಲವೋ ಹೇಗೆ ಗೊತ್ತಾಗುತ್ತೆ ನಿಮಗೆ?”

“ಮೀಟರ್ ಇಟ್ಟು ನೋಡ್ತೀವಿ ಸರ್,” ಎಂದೆ. ಪಕ್ಕದಲ್ಲಿ ಅಕ್ಕ ನನ್ನ ಕಡೆ ತಿರುಗಿದ್ದು ಕಣ್ಣಂಚಿಗೆ ಕಂಡಿತು.

“ಗುಡ್,” ಎಂದು ಅವರು ಐದನೆಯ ಪುಟವನ್ನು ಗಟ್ಟಿಯಾಗಿ ಓದಿದರು. “ತೇವಾಂಶ ಅಳೆಯುವ ಮೀಟರ್ ಮತ್ತು ತರಬೇತಿ ಪಡೆದ ಇಬ್ಬರು ಕೆಲಸಗಾರರು. ಕ್ಲೀನ್ ಆಗಿದೆ. ಇವರು ಯಾರು?”

ಪೆನ್ನಿನ ತುದಿ ಅಕ್ಕನ ಕಡೆಗಿತ್ತು. ನಾನು ಬಾಯಿ ತೆರೆದೆ. ನನಗಿಂತ ಮೊದಲು ಹುಡುಗಿ ಹೇಳಿದಳು: “ಮನೆಯವರು ಸರ್. ಜೊತೆಗೆ ಬಂದಿದ್ದಾರೆ ಅಷ್ಟೇ.”

ನಾನು ಹೌದೆಂದು ತಲೆಯಾಡಿಸಿದೆ.

ಅವರಿಗೆ ಪ್ಲಾನು ಹಿಡಿಸಿತು. ಶೆಡ್ಡು ಎದ್ದ ದಿನದಿಂದ ಐದು ವರ್ಷ ನಾನು ಬೇರೇನೂ ಮಾಡದೆ ಇದನ್ನೇ ನಡೆಸಬೇಕು, ಪ್ಲಾನಿನಲ್ಲಿ ಇರುವ ಹಾಗೇ ನಡೆಸಬೇಕು ಎಂಬ ಕಾಗದ ಮುಂದಿಟ್ಟರು. ನನ್ನ ಗಂಡನನ್ನು ಫೋನಿನಲ್ಲಿ ಕೇಳಿದೆ, ಸಹಿ ಹಾಕು ಅಂದರು. ಅಕ್ಕನನ್ನು ಕೇಳಲು ತಿರುಗಿದರೆ ಅವಳು ಕಿಟಕಿಯಾಚೆ ಆಟೋಗಳನ್ನು ನೋಡುತ್ತಿದ್ದಳು. ಸಹಿ ಹಾಕಿದೆ.

ವಾಪಸ್ ಬಸ್ಸು ಹತ್ತಿದೆವು. ಹಳೇಬೀಡಿನಲ್ಲಿ ಬಸ್ಸು ಹತ್ತು ನಿಮಿಷ ನಿಂತಿತು. ಅವಳ ತವರು ಅಲ್ಲೇ ಹತ್ತಿರದ ಮಾದಿಹಳ್ಳಿ. ಎದುರಿಗೇ ಮಾದಿಹಳ್ಳಿ ಕಡೆಗೆ ಹೋಗುವ ಬಸ್ಸೂ ನಿಂತಿತ್ತು. ಇಳಿದು ಹೋಗಿಬಿಡುತ್ತಾಳೆ ಎಂದುಕೊಂಡೆ. ಹೋದರೆ ಸಾಕು, ನಾಲ್ಕು ದಿನ ಬಿಟ್ಟು ಕಾಲಿಗೆ ಬಿದ್ದು ಕರೆತರಬಹುದು ಎಂದು ಆಸೆಪಟ್ಟದ್ದೂ ನಿಜ. ಅವಳು ಸೀಟು ಬಿಟ್ಟೇಳಲಿಲ್ಲ. ಬಸ್ಸು ಹೊರಟ ಮೇಲೆ ಕೇಳಿದಳು:

“ಕಾಯಿ ಒಡೀದೆ ಮೀಟ್ರು ಎಲ್ಲಿಗ್ ಇಡ್ತೀಯೇ?”

ನನ್ನ ಕಡೆ ತಿರುಗಿ ಮತ್ತೆ ಕೇಳಿದಳು:

“ಒಡೆದ್ ಮೇಲೆ ಹಸಿ ಅಂತ ಗೊತ್ತಾದ್ರೆ ಚಿಪ್ಪು ವಾಪಸ್ ಅಂಟಿಸ್ತೀಯಾ?”

ಅಷ್ಟೂ ದಿನ, ನಾಲ್ಕು ಸಲ ತಿದ್ದಿ ಬರೆಯುವಾಗ, ಇದು ನನಗೆ ಹೊಳೆದಿರಲಿಲ್ಲ. ಹನ್ನೆರಡು ವರ್ಷ ಅವಳ ಎದುರು ಕೂತು ಕೊಬ್ಬರಿ ಒರೆಸಿದವಳು ನಾನು. ಕಾಯಿ ಆಗಿದೆಯೋ ಇಲ್ಲವೋ ಎಂದು ಯೋಚಿಸುವ ಕೆಲಸವೇ ನನ್ನದಾಗಿರಲಿಲ್ಲ. ಮೀಟರ್ ಎಂದು ಬರೆದಾಗ ಅದು ಕಾಯಿಯ ಹೊರಗೇ ಹೇಗೋ ಕೆಲಸ ಮಾಡುತ್ತದೆ ಎಂದುಕೊಂಡಿದ್ದೆ. ಬೇಲೂರಿನ ಆ ಮೂವರಿಗೂ ಗೊತ್ತಿರಲಿಲ್ಲ.

“ನಿನ್ ಕೆಮ್ಮಿಗೋಸ್ಕರ ಅಕ್ಕ, ಶೆಡ್ಡು ಆದ್ರೆ ಹೊಗೆ…”

“ನನ್ ಕೆಮ್ಮನ್ನಾದ್ರೂ ಬರ್ದಿದ್ಯಾ ಅದ್ರಲ್ಲಿ?”

ಶೆಡ್ಡು ಕಟ್ಟಿ ಎರಡು ತಿಂಗಳಾಗಿದೆ. ಮೀಟರ್ ಬಂದಿದೆ, ಡಬ್ಬಿಯಲ್ಲೇ ಇದೆ. ಮೊದಲ ವಾರ ನಾನೇ ಅಲ್ಲಾಡಿಸಿ ಆರಿಸಿದ್ದರಲ್ಲಿ ಅರ್ಧಕ್ಕರ್ಧ ಹಸಿ. ಕಾಯಿಗಳನ್ನು ಹಾಳುಮಾಡಿಕೊಂಡು ಅಕ್ಕನ ಬಾಗಿಲಿಗೆ ಹೋದೆ. ತಪ್ಪಾಯಿತು ಎಂದು ಅತ್ತುಬಿಟ್ಟೆ. ಅವಳು ನನ್ನನ್ನು ಒಳಗೆ ಕರೆದು ಕೂರಿಸಿ, ಕಾಫಿ ಕೊಟ್ಟು, ಎಲ್ಲ ಕೇಳಿಸಿಕೊಂಡಳು. ಸಿಟ್ಟು ಮಾಡಲಿಲ್ಲ.

“ಇಬ್ರು ಕೆಲ್ಸದವ್ರು ಬೇಕು ಅಂತ ಬರ್ದಿದ್ದೀಯಲ್ಲ. ನಾನೊಬ್ಳು ಬತ್ತೀನಿ. ಅವ್ರಿಗೆ ಏನ್ ಕೂಲಿ ಅಂತ ಹಾಕಿದ್ದೀಯೋ ಅದೇ ಕೊಡು.”

“ಪಾಲು ಅಕ್ಕ, ನಿಂದು ಅರ್ಧ…”

“ಕಾಗದದಲ್ಲಿ ಐತಾ?”

ಇಲ್ಲ. ಇದ್ದಂತೆಯೇ ನಡೆಸುತ್ತೇನೆ ಎಂದು ಅದೇ ಕಾಗದಕ್ಕೆ ಸಹಿ ಹಾಕಿದ್ದೇನೆ. ಸೇರಿಸಬೇಕೆಂದರೆ ಆ ಮೂವರೂ ಒಪ್ಪಬೇಕು. ಒಪ್ಪಿಸಬೇಕೆಂದರೆ ಮೀಟರಿನ ಸುಳ್ಳನ್ನು ಮೊದಲು ಹೇಳಬೇಕು. ಹೇಳಿದರೆ ಶೆಡ್ಡೇ ಉಳಿಯುತ್ತದೋ ಇಲ್ಲವೋ. ದಿನಾ ಬೆಳಿಗ್ಗೆ ಹಲ್ಲುಜ್ಜುವಾಗ ಇದನ್ನೇ ಮುಂದಕ್ಕೂ ಹಿಂದಕ್ಕೂ ಲೆಕ್ಕ ಹಾಕುತ್ತೇನೆ, ಎಲ್ಲೂ ಬಾಗಿಲು ಸಿಗುವುದಿಲ್ಲ.

ಒಂಬತ್ತು ಗಂಟೆಗೆ ಅಕ್ಕ ಬರುತ್ತಾಳೆ. ಒಂದು ನಿಮಿಷ ಮೊದಲಿಲ್ಲ, ಒಂದು ನಿಮಿಷ ತಡವಿಲ್ಲ. ಕಾಯಿ ಅಲ್ಲಾಡಿಸುತ್ತಾಳೆ, ಒಂದೂ ತಪ್ಪುವುದಿಲ್ಲ. ಕೆಮ್ಮು ಕಡಿಮೆಯಾಗಿದೆ. ಊರಿನ ಸುದ್ದಿ ಮಾತ್ರ ಹೇಳುವುದಿಲ್ಲ. ಮಧ್ಯಾಹ್ನ ಡಬ್ಬಿ ತೆಗೆದು ಶೆಡ್ಡಿನ ಆಚೆ ನೆರಳಿನಲ್ಲಿ ಕೂತು ಒಬ್ಬಳೇ ಉಣ್ಣುತ್ತಾಳೆ. ನಿನ್ನೆ ಹುರುಳಿ ಬಸ್ಸಾರು ಮಾಡಿದ್ದೆ, ಅವಳಿಗೆ ಪ್ರಾಣ. ಬಟ್ಟಲಲ್ಲಿ ಹಾಕಿಕೊಂಡು ಹೋಗಿ ಮುಂದೆ ಹಿಡಿದೆ.

“ಕೆಲ್ಸದವ್ರಿಗೆ ಊಟ ಕೊಡ್ತೀವಿ ಅಂತ ಬರ್ದಿದ್ದೀಯೇನು?” ಎಂದಳು.

ಬರೆದಿರಲಿಲ್ಲ. ಬಟ್ಟಲು ಹಿಡಿದುಕೊಂಡು ಅಲ್ಲೇ ನಿಂತೆ. ಅವಳು ಮುದ್ದೆ ಮುರಿದು, ತನ್ನ ಡಬ್ಬಿಯ ಸಾರಿಗೆ ಅದ್ದಿಕೊಂಡಳು. ಇನ್ನೂ ನಾಲ್ಕು ವರ್ಷ ಹತ್ತು ತಿಂಗಳಿದೆ.